ಬರೀ ಚಾ ಕುಡಿದು ಬಸ್ಸು ಹತ್ತಿದ ದಿನಗಳು

ಎಂಬತ್ತರ ದಶಕದ ನಡುವಿನಲ್ಲಿ ನಾವು ಬಹರೈನಿನ ಸನದ್‌ನಲ್ಲಿದ್ದೆವು. ನನ್ನ ಗಂಡ ಶಾಲಾ ಬಸ್ಸಿನ ಡ್ರೈವರ್. ಈಸಾ ಟೌನಿನ ಶಾಲೆಗೆ ಹೋಗುವ ನಮ್ಮ ಸುತ್ತಲಿನ ಮಕ್ಕಳೆಲ್ಲ ಅವರ ಬಸ್ಸಿನಲ್ಲೇ ಹೋಗುತ್ತಿದ್ದರು. ಒಂದನೇ ಕ್ಲಾಸಿನ ನಮ್ಮ ಮಗಳೂ ಅದರಲ್ಲೇ, ಅಪ್ಪನ ಹಿಂದಿನ ಸೀಟಿನಲ್ಲಿ.

ಒಂದು ಮಧ್ಯಾಹ್ನ ನಾನು ಮೀನು ತೊಳೆಯುತ್ತಿದ್ದಾಗ ಅವರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಇವತ್ತು ಬೆಳಿಗ್ಗೆ ರೌಂಡಬೌಟಿನ ಹತ್ತಿರ ಒಮ್ಮೆ ಕಣ್ಣು ಕತ್ತಲೆ ಬಂದ ಹಾಗಾಯ್ತು," ಎಂದರು.

"ಬಸ್ಸಲ್ಲಿ ಮಕ್ಕಳಿದ್ದರಾ?"

"ಇದ್ದರು. ಬದಿಗೆ ಹಾಕಿ ನಿಲ್ಲಿಸಿದೆ. ಸ್ವಲ್ಪ ಹೊತ್ತಲ್ಲಿ ಸರಿಯಾಯ್ತು. ನೀನು ಯಾರ ಹತ್ತಿರವೂ ಹೇಳಲಿಕ್ಕೆ ಹೋಗಬೇಡ ಮಾರಾಯ್ತಿ. ಗೊತ್ತಾದರೆ ಕೆಲಸ ಹೋಗ್ತದೆ."

ನಾನು ಹೇಳಲಿಲ್ಲ. ಆದರೆ ಆ ಹೊತ್ತಿನಿಂದ ಹೆದರಿಕೆ ನನ್ನನ್ನು ಬಿಡಲಿಲ್ಲ. ಮಗಳ ಕೈ ಹಿಡಿದು ಗೇಟಿನವರೆಗೆ ಹೋಗಿ ಬಸ್ಸು ಹತ್ತಿಸುತ್ತಿದ್ದೆ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಅದರ ಸದ್ದು ಕೇಳುವಷ್ಟು ಹೊತ್ತು ಅಲ್ಲೇ ನಿಲ್ಲುತ್ತಿದ್ದೆ. ದೂರದಲ್ಲಿ ಆಂಬುಲೆನ್ಸ್ ಕೂಗಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಹೊರಗೆ ಓಡುತ್ತಿದ್ದೆ. ಅದು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ತಿಳಿದರೆ ಸಾಕಾಗುತ್ತಿತ್ತು. ಈಸಾ ಟೌನಿನ ಕಡೆಯಿಂದ ಅಲ್ಲ ಎಂದಾದರೆ ಉಸಿರು ಬರುತ್ತಿತ್ತು. ಮಧ್ಯಾಹ್ನ ಅನ್ನ ಬಡಿಸಿಕೊಳ್ಳುತ್ತಿರಲಿಲ್ಲ. ಹಸಿವಾದಾಗ ಮಗಳ ಬಿಸ್ಕತ್ತು ತಿಂದು ನೀರು ಕುಡಿಯುತ್ತಿದ್ದೆ.

ಅವರ ಊಟವೂ ಹಾಗೇ ಇತ್ತು. ಬೆಳಕು ಹರಿಯುವ ಮೊದಲೇ ಎದ್ದು ಸಿತ್ರಾದ ಕಾರ್ಖಾನೆಗೆ ಕೆಲಸಗಾರರನ್ನು ಬಿಡಬೇಕು, ಅಲ್ಲಿಂದ ನೇರ ಶಾಲೆಯ ಮಕ್ಕಳು. ಹೊರಡುವಾಗ ಒಂದು ಗ್ಲಾಸು ಖಡಕ್ ಚಾ. ದಾರಿಯಲ್ಲಿ ಇನ್ನೊಂದು, ಮಕ್ಕಳನ್ನು ಇಳಿಸಿದ ಮೇಲೆ ಮತ್ತೊಂದು. ಮಧ್ಯಾಹ್ನ ಹೋಟೆಲಿನ ಖುಬ್ಬೂಸ್ ರೊಟ್ಟಿ, ಎಣ್ಣೆ ತೇಲುವ ಮಾಂಸದ ಸಾರು. ಮನೆಗೆ ಬಂದರೆ ಒಣಮೀನು, ಉಪ್ಪಿನಕಾಯಿ ಇಲ್ಲದೆ ಊಟ ಸೇರುತ್ತಿರಲಿಲ್ಲ. ಹಿಂದೆಲ್ಲ ಮಲಗಿದ ಕೂಡಲೇ ಗೊರಕೆ ಹೊಡೆಯುತ್ತಿದ್ದವರು ಈಗ ಗೋಡೆ ನೋಡುತ್ತಾ ಮಲಗುತ್ತಿದ್ದರು. ಕೇಳಿದರೆ, "ಸೆಕೆ," ಎನ್ನುತ್ತಿದ್ದರು.

ಒಂದು ದಿನ ಮಗಳನ್ನು ಬಸ್ಸಿಗೆ ಹತ್ತಿಸಲು ನನ್ನಿಂದಾಗಲಿಲ್ಲ. ಹೊಟ್ಟೆನೋವಂತೆ ಎಂದು ಸುಳ್ಳು ಹೇಳಿದೆ. ಮರುದಿನವೂ ಅದನ್ನೇ ಹೇಳಿದೆ. ಮಗಳು ಆರಾಮವಾಗಿ ಚಾಪೆಯ ಮೇಲೆ ಕೂತು ಬಣ್ಣ ಬಳಿಯುತ್ತಿದ್ದಳು. ಗೇಟಿನ ಹತ್ತಿರ ಬಸ್ಸು ನಿಲ್ಲಿಸಿ ಮಗಳನ್ನು ಕೇಳಲು ಒಳಗೆ ಬಂದಿದ್ದ ಅವರು ಮತ್ತೆ ಚಪ್ಪಲಿ ಮೆಟ್ಟುತ್ತಾ ಅವಳನ್ನೂ ನನ್ನನ್ನೂ ನೋಡಿದರು.

"ಹೊಟ್ಟೆನೋವು ಅವಳಿಗಾ, ನಿನಗಾ?"

ನನಗೆ ಅಳು ಒತ್ತರಿಸಿ ಬಂತು. "ಹೆದರಿಕೆ ಆಗ್ತದೆ. ನೀವು ಓಡಿಸುವ ಬಸ್ಸಿಗೆ ಮಗುವನ್ನು ಹತ್ತಿಸಲಿಕ್ಕೆ ನನಗೆ ಹೆದರಿಕೆ ಆಗ್ತದೆ."

ಅವರು ಕೀ ತೆಗೆದುಕೊಂಡು ಹೋದರು. ಹೊರಗೆ ಬಸ್ಸು ಸ್ಟಾರ್ಟ್ ಆಯಿತು, ಬಾಗಿಲು ಮುಚ್ಚಿತು, ಮಕ್ಕಳ ಗಲಾಟೆ ದೂರವಾಯಿತು.

ಪಕ್ಕದ ಮನೆಯಲ್ಲಿ ಉಳ್ಳಾಲದ ಒಬ್ಬರು ಇದ್ದರು. ಅವರ ಗಂಡನಿಗೆ ಮನಾಮದಲ್ಲಿ ಬಟ್ಟೆ ಅಂಗಡಿ. ಮನೆಯಲ್ಲಿ ಬ್ಯಾರಿ ಮಾತಾಡುವವರು ನನ್ನೊಡನೆ ಅರ್ಧ ತುಳು, ಅರ್ಧ ಕನ್ನಡದಲ್ಲಿ ಮಾತಾಡುತ್ತಿದ್ದರು. ನನಗಿಂತ ದೊಡ್ಡವರು, ನಾನು ಅಕ್ಕ ಎನ್ನುತ್ತಿದ್ದೆ. ಅವರ ಇಬ್ಬರು ಮಕ್ಕಳೂ ಅದೇ ಬಸ್ಸಿನಲ್ಲಿ ಹೋಗುತ್ತಿದ್ದರು. ಆ ಬೆಳಿಗ್ಗೆ ಅಕ್ಕ ಮಗಳ ಆರೋಗ್ಯ ವಿಚಾರಿಸಲು ಬಂದರು. ಅವಳ ಹಣೆ ಮುಟ್ಟಿ ನೋಡಿ, "ಜ್ವರ ಎಂತ ಇಲ್ಲ," ಎಂದರು. ಆಮೇಲೆ ತಮ್ಮ ಮಕ್ಕಳ ಮಾತು ಬಂತು. "ನಿನ್ನ ಗಂಡ ಕರಕೊಂಡು ಹೋಗುವುದು ಅಂತ ನನಗೆ ಒಂದು ಧೈರ್ಯ ನೋಡು. ಬೇರೆ ಡ್ರೈವರ್ ಆದರೆ ಕಳಿಸುತ್ತಿರಲಿಲ್ಲ."

ನನ್ನ ಮಗಳನ್ನು ಮನೆಯಲ್ಲಿ ಉಳಿಸಿಕೊಂಡು ಅಕ್ಕನ ಮಕ್ಕಳನ್ನು ಕಳಿಸಿಬಿಟ್ಟಿದ್ದೆನಲ್ಲ! ಹೇಳಿಬಿಡಲೇ ಎಂದು ಬಾಯಿ ತೆರೆದೆ. ಅವರು ಅಷ್ಟರಲ್ಲಿ ಎದ್ದು ಹೋಗಿಯಾಗಿತ್ತು. ಇವತ್ತು ನನ್ನ ಗಂಡ ಬಂದ ಕೂಡಲೇ ಇತ್ಯರ್ಥ ಮಾಡಲೇಬೇಕು ಎಂದುಕೊಂಡು ಗೇಟಿನ ಹತ್ತಿರ ಹೋಗಿ ನಿಂತೆ.

ಬಿಸಿಲು ಏರುತ್ತಿತ್ತು. ರಸ್ತೆಯ ಕೊನೆಯಲ್ಲಿ ಒಬ್ಬ ಮನುಷ್ಯ ನಡೆದು ಬರುತ್ತಿದ್ದ. ಹತ್ತಿರ ಬಂದಾಗ ಗುರುತು ಸಿಕ್ಕಿತು. ಇವರೇ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಬಸ್ಸು ಇರಲಿಲ್ಲ.

ಗೇಟಿನ ಕಂಬಿ ಹಿಡಿದುಕೊಂಡೆ. "ಬಸ್ಸೆಲ್ಲಿ? ಮಕ್ಕಳೆಲ್ಲಿ?" ಎಂದು ಕಿರುಚಿದ್ದು ಅಕ್ಕನ ಮನೆಯವರೆಗೂ ಕೇಳಿರಬೇಕು.

"ಶಾಲೆಯಲ್ಲಿ ಇಳಿಸಿದ್ದೇನೆ. ಎಲ್ಲರೂ ಸರಿ ಇದ್ದಾರೆ," ಎಂದರು. "ಕೀ ಅರಬಿಯ ಕೈಯಲ್ಲಿ ಕೊಟ್ಟು ಬಂದೆ. ತಲೆ ತಿರುಗ್ತದೆ, ಮಕ್ಕಳನ್ನು ಕೂರಿಸಿಕೊಂಡು ಓಡಿಸುವುದು ಸರಿಯಲ್ಲ ಅಂತ ಹೇಳಿದೆ." ಬಸ್ಸುಗಳ ಮಾಲೀಕ ಒಬ್ಬ ವಯಸ್ಸಾದ ಬಹರೈನಿ. ಅವನನ್ನು ನಾವು ಮನೆಯಲ್ಲಿ ಅರಬಿ ಎಂದೇ ಕರೆಯುತ್ತಿದ್ದೆವು.

"ಅವನೆಂತ ಹೇಳಿದ?"

"ಮೊದಲು ಬೈದ. ಆಮೇಲೆ ಕೂತುಕೋ ಎಂದ. ಡಾಕ್ಟರು ಸರಿ ಉಂಟು ಅನ್ನುವವರೆಗೆ ಗ್ಯಾರೇಜಿನಲ್ಲಿ ಬಸ್ಸು ತೊಳೆಯಬೇಕಂತೆ, ಮಕ್ಕಳ ಬಸ್ಸಿಗೆ ಬೇರೆ ಡ್ರೈವರ್ ಬರ್ತಾನಂತೆ."

ಆ ಸಂಜೆಯೇ ಹೆಲ್ತ್ ಸೆಂಟರಿಗೆ ಹೋದೆವು. ಹೃದಯವೇ ಕೆಟ್ಟಿದೆ ಎಂದು ನಾನು ಆಗಲೇ ನಿರ್ಧರಿಸಿಬಿಟ್ಟಿದ್ದೆ. ಊರಿಗೆ ಹೇಗೆ ತಿಳಿಸುವುದು, ಮಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು ಎಂದೆಲ್ಲ ಬೆಂಚಿನ ಮೇಲೆ ಕೂತೇ ಯೋಚಿಸಿ ಮುಗಿಸಿದ್ದೆ. ಡಾಕ್ಟರು ಹೈದರಾಬಾದಿನವರು, ಹಿಂದಿಯಲ್ಲೇ ಮಾತಾಡಿದರು. ಎದೆಗೆ ವೈರು ಹಚ್ಚಿ ಚಿತ್ರ ತೆಗೆಸಿದರು, ರಕ್ತ ತೆಗೆಸಿದರು. ಹೃದಯದಲ್ಲಿ ದೋಷ ಕಾಣುವುದಿಲ್ಲ, ಬಿಪಿ ಜಾಸ್ತಿ ಇದೆ, ಉಪ್ಪು ಕಡಿಮೆ ಮಾಡಿ ದಿನಾ ನಡೆಯಬೇಕು ಎಂದರು. ಬೆಳಿಗ್ಗೆ ಏನು ತಿನ್ನುತ್ತೀರಿ ಎಂದು ಕೇಳಿದಾಗ ಇವರು "ಚಾಯ್" ಎಂದರು. ಅದರ ಜೊತೆಗೆ ಏನು ಎಂದು ಕೇಳಿದರು. ಇವರು ನನ್ನ ಮುಖ ನೋಡಿದರು. ಡಾಕ್ಟರು ಪೆನ್ನು ಕೆಳಗಿಟ್ಟು, ನಿದ್ದೆ ಇಲ್ಲದೆ, ಹೊಟ್ಟೆಗಿಲ್ಲದೆ, ಈ ಸೆಕೆಯಲ್ಲಿ ನೀರೂ ಕುಡಿಯದೆ ಯಾರು ಕೂತರೂ ಕಣ್ಣು ಕತ್ತಲೆ ಬರುತ್ತದೆ ಎಂದರು. ಆಮೇಲೆ ಮೆಲ್ಲಗೆ, ಮನಸ್ಸಿಗೆ ಏನಾದರೂ ಚಿಂತೆ ಇದೆಯೇ ಎಂದು ಕೇಳಿದರು. ಇವರು ಇಲ್ಲ ಎಂದು ತಲೆಯಾಡಿಸಿದರು.

ಉಪ್ಪಿನಕಾಯಿ ಭರಣಿಯನ್ನು ಎತ್ತಿ ಮೇಲಿಟ್ಟೆ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ. ಮಧ್ಯಾಹ್ನ ಅವರು ಮನೆಗೇ ಬರುತ್ತಿದ್ದರು. ಉಪ್ಪು, ಮೆಣಸು, ಹುಳಿ ಕಡಿಮೆ ಹಾಕಿದ ಮೀನಿನ ಸಾರು, ಸೌತೆಕಾಯಿ, ಮೊಸರು. ಸಂಜೆಯ ಚಾದ ಬದಲು ಒಂದೆರಡು ಖರ್ಜೂರ, ಮಜ್ಜಿಗೆ.

"ಇದೆಂತ, ಬಾಣಂತಿ ಊಟವಾ?" ಎಂದು ಗೊಣಗುತ್ತಲೇ ತಿನ್ನುತ್ತಿದ್ದರು. ನಾನು ಎದುರಿಗೆ ಕೂತು ಅವರ ಕೈ ನಡುಗುತ್ತದೆಯೋ, ಕಣ್ಣು ಮುಚ್ಚುತ್ತದೆಯೋ ಎಂದು ನೋಡುತ್ತಿದ್ದೆ. ಒಂದು ದಿನ ಅವರು ತುತ್ತು ಕೆಳಗಿಟ್ಟರು.

"ನಿನ್ನ ಬಟ್ಟಲೆಲ್ಲಿ?"

"ಆಮೇಲೆ ಉಣ್ತೇನೆ."

"ಆಮೇಲೆ ನೀನು ಉಣ್ಣುವುದಿಲ್ಲ. ರವಕೆ ಸಡಿಲ ಆದದ್ದು ನನಗೆ ಕಾಣುವುದಿಲ್ಲವಾ? ನೀನು ನನ್ನನ್ನು ಕಾಯುತ್ತಾ ಕೂತರೆ ನನಗೆ ಇನ್ನೂ ಹೆದರಿಕೆ ಆಗ್ತದೆ. ಬಡಿಸಿಕೋ."

ಬಡಿಸಿಕೊಂಡೆ. ಅವರು ನೀರಿನ ಲೋಟವನ್ನು ಮುಂದೆ ತಳ್ಳಿ, ನಾನು ಮೊದಲ ತುತ್ತು ನುಂಗುವವರೆಗೆ ಕಾದರು. ಅಂದಿನಿಂದ ಇಬ್ಬರೂ ಒಟ್ಟಿಗೇ ಉಣ್ಣತೊಡಗಿದೆವು.

ಶುಕ್ರವಾರ ಶೇರ್ ಟ್ಯಾಕ್ಸಿ ಹಿಡಿದು ಬುದಯ್ಯಕ್ಕೆ ಹೋಗುತ್ತಿದ್ದೆವು. ಅಲ್ಲಿನ ತೋಟಗಳಲ್ಲಿ ಮೂಲಂಗಿ, ಹಸಿ ಸೊಪ್ಪು ಆಗಷ್ಟೇ ಕಿತ್ತು ಕೊಡುತ್ತಿದ್ದರು. ಕೊಂಡ ಮೇಲೆ ಸಮುದ್ರದ ಬದಿಗೆ ನಡೆಯುವುದು, ಡಾಕ್ಟರು ನಡೆಯಲು ಹೇಳಿದ್ದರಲ್ಲ. ಒಂದು ಶುಕ್ರವಾರ ಮಗಳು ಮುಂದೆ ಚಿಪ್ಪು ಆರಿಸುತ್ತಿದ್ದಾಗ ಅವರು ತಾವಾಗಿಯೇ ಬಾಯಿಬಿಟ್ಟರು.

"ಆ ತಲೆತಿರುಗುವುದಕ್ಕೆ ಮೊದಲು ಒಂದು ಸಂಗತಿ ಆಗಿತ್ತು. ಶಾಲೆಯ ಮುಂದೆ ಮಕ್ಕಳನ್ನು ಇಳಿಸಿ ಇನ್ನೇನು ಗೇರು ಹಾಕಬೇಕು, ಕನ್ನಡಿಯಲ್ಲಿ ಒಂದು ಕೆಂಪು ರಿಬ್ಬನ್ ಕಂಡಿತು. ಒಂದು ಸಣ್ಣ ಹುಡುಗಿ ನೀರಿನ ಬಾಟಲಿ ಹೆಕ್ಕಲಿಕ್ಕೆ ಟಯರಿನ ಹತ್ತಿರ ಬಗ್ಗಿದ್ದಳು. ಕಾಣದೆ ಹೋಗಿದ್ದರೆ..." ಅವರು ಮಗಳ ಕಡೆ ನೋಡಿದರು. "ಕಣ್ಣು ಮುಚ್ಚಿದರೆ ಅದೇ ಬರ್ತದೆ. ಬೆಳಿಗ್ಗೆ ಏನಾದರೂ ತಿಂದರೆ ವಾಂತಿ ಬಂದ ಹಾಗಾಗ್ತದೆ. ಅದಕ್ಕೇ ಬರೀ ಚಾ."

ಆ ಹುಡುಗಿ ನಮ್ಮ ಮಗಳೇ ಆಗಿದ್ದರೆ ಎಂಬ ಯೋಚನೆ ಬಂತು. ಅವರ ತೋಳು ಹಿಡಿದುಕೊಂಡು ನಡೆದೆ. ಮುಂದಿನ ಸಲ ಹೋದಾಗ ಈ ಸಂಗತಿಯನ್ನು ಡಾಕ್ಟರಿಗೂ ಹೇಳಿ ಎಂದೆ. ಹೇಳಿದರು. ಅಂದು ಮನೆಗೆ ಬಂದು ಬಿದ್ದುಕೊಂಡವರು ಕತ್ತಲಾಗುವವರೆಗೂ ನಿದ್ದೆ ಮಾಡಿದರು.

ಬಿಪಿ ಮೆಲ್ಲಗೆ ಇಳಿಯಿತು. ತಲೆ ತಿರುಗುವುದು ನಿಂತಿತು. ಡಾಕ್ಟರು ಬಸ್ಸು ಓಡಿಸಬಹುದು ಎಂದರು. ಅರಬಿ ಕಾರ್ಖಾನೆಯ ಟ್ರಿಪ್ಪನ್ನು ಬೇರೆಯವರಿಗೆ ಕೊಟ್ಟು ಮಕ್ಕಳ ಬಸ್ಸನ್ನಷ್ಟೇ ಇವರಿಗೆ ಬಿಟ್ಟ.

ಅದಕ್ಕೆ ಮೊದಲೇ ನಾನು ಅಕ್ಕನಿಗೆ ಎಲ್ಲವನ್ನೂ ಹೇಳಿದ್ದೆ. ಅವರು "ನಿನ್ನ ಮಗಳನ್ನು ಇರಿಸಿಕೊಂಡೆ. ನನಗೆ ಒಂದು ಮಾತು ಹೇಳಬಾರದಿತ್ತಾ?" ಎಂದರು. ಬೇರೆ ಡ್ರೈವರ್ ಬಂದಾಗಿನಿಂದ ತಂದೆಯ ಕಾರಿನಲ್ಲಿ ಹೋಗುತ್ತಿದ್ದ ಅವರ ಮಕ್ಕಳು, ಇವರು ಮತ್ತೆ ಬಸ್ಸು ಹಿಡಿದ ಮೇಲೂ ಕೆಲವು ದಿನ ಹಾಗೇ ಹೋದರು. ಕಾರು ನಮ್ಮ ಗೇಟು ದಾಟುವಾಗ ನಾನು ತಲೆ ತಗ್ಗಿಸುತ್ತಿದ್ದೆ. ನನ್ನ ಮಗಳನ್ನು ಮಾತ್ರ ಅಪ್ಪನ ಹಿಂದಿನ ಅದೇ ಸೀಟಿಗೆ ಹತ್ತಿಸಿ, ಒಳಗೆ ಬಂದು ತಟ್ಟೆ ಹಾಕಿಕೊಂಡು ಕೂತು ತಿನ್ನುತ್ತಿದ್ದೆ.

ಒಂದು ಬೆಳಿಗ್ಗೆ ಅಕ್ಕ ತಾವೇ ಇಬ್ಬರು ಮಕ್ಕಳ ಕೈ ಹಿಡಿದು ಬಂದರು. ಬಸ್ಸಿನ ಮೆಟ್ಟಿಲ ಹತ್ತಿರ ನಿಂತು ಇವರ ಮುಖವನ್ನು ಸರಿಯಾಗಿ ನೋಡಿದರು. "ತಿಂಡಿ ಆಯ್ತಾ?" ಎಂದು ಕೇಳಿದರು.

"ಆಯ್ತಕ್ಕ. ಹೊಟ್ಟೆ ತುಂಬಾ."

ಮಕ್ಕಳು ಹತ್ತಿದರು. ಬಸ್ಸು ಹೊರಟಿತು. ಅಕ್ಕನ ಬೆರಳುಗಳು ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದವೆಂದರೆ ಬಳೆ ಒತ್ತಿ ನೋವಾಗುತ್ತಿತ್ತು. ಹೆದರಿಕೆ ಇಬ್ಬರಿಗೂ ಇತ್ತು, ಮುಚ್ಚಿಡುವ ಅಗತ್ಯ ಇರಲಿಲ್ಲ.

"ನೀನು ತಿಂದೆಯಾ?" ಎಂದು ಕೇಳಿದರು.

"ಇಲ್ಲ."

"ನಾನೂ ಇಲ್ಲ. ಬಾ, ಮಣ್ಣಿನ ಕಾವಲಿಯಲ್ಲಿ ಓಡು ದೋಸೆ ಮಾಡಿಟ್ಟಿದ್ದೇನೆ, ಆರಿ ಹೋಗ್ತದೆ."