ಕುರುಗೋಡಿನಲ್ಲಿ ಇಲ್ಲದ ಅಕ್ಕ

ಅಪ್ಪ, ಅವ್ವ ಇಬ್ಬರೂ ತೀರಿಕೊಂಡ ಮೇಲೆ ಸಿರುಗುಪ್ಪದ ಸೋದರಮಾವನ ಮನೆ ಸೇರಿದಾಗ ನನಗೆ ಏಳು ವರ್ಷ. ಪಾತ್ರೆ ತಿಕ್ಕಿ, ಅಕ್ಕಿ ಆರಿಸಿ, ಅತ್ತೆಯ ಕೂಸನ್ನು ಮಲಗಿಸಿ ಶಾಲೆಗೆ ಓಡುತ್ತಿದ್ದೆ. ಮನೆಯ ಮಗಳು ಮಾಡಬೇಕಾದ ಕೆಲಸ ಅಂದುಕೊಂಡಿದ್ದೆ.

ಒಮ್ಮೆ ಬೀಗರು ಬಂದಿದ್ದರು. ಚಹಾ ಕೊಟ್ಟು ತಿರುಗಿದವಳನ್ನು ನೋಡಿ ಒಬ್ಬಾಕೆ ಕೇಳಿದರು, “ಈ ಹುಡುಗಿ ಯಾರ್ರೀ?”

“ಕೆಲಸಕ್ಕ ಇಟ್ಕೊಂಡೀವ್ರಿ,” ಎಂದಳು ಅತ್ತೆ.

ಮಾವ ಅಲ್ಲೇ ಕೂತು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದ. ತಲೆ ಎತ್ತಲಿಲ್ಲ. ಅಲ್ಲಿಂದ ಅಡುಗೆಮನೆಗೆ ಹೇಗೆ ಹೋದೆನೋ ಈಗಲೂ ನೆನಪಿಗೆ ಬರುವುದಿಲ್ಲ.

ಆ ವಾರವೇ ಮನಸ್ಸಿನಲ್ಲಿ ನನಗೊಬ್ಬ ಅಕ್ಕನನ್ನು ಕಟ್ಟಿಕೊಂಡೆ. ಕುರುಗೋಡಿನ ಗುಡ್ಡದ ಹಿಂದೆ ಅವಳ ಮನೆ. ನೀಲಿ ಬಾಗಿಲು, ಹೊಲಿಗೆ ಮಿಷನ್ನು. ನನ್ನ ಅಳತೆಯ ಲಂಗ ಹೊಲಿದು ಮುಗಿಸಿದ ಕೂಡಲೇ ಬಂದು ಕರೆದೊಯ್ಯುತ್ತಾಳೆ. ಕುರುಗೋಡನ್ನು ನಾನು ಬಸ್ಸಿನ ಬೋರ್ಡಿನಲ್ಲಿ ಓದಿದ್ದೆ, ಅಷ್ಟೇ. ಶಾಲೆಯಲ್ಲಿ ಎಲ್ಲರಿಗೂ ಹೇಳಿ ಹೇಳಿ ನಾನೇ ನಂಬಿಬಿಟ್ಟೆ.

ಐದನೆಯ ತರಗತಿಯ ನಡುವೆ ಅತ್ತೆ ಶಾಲೆ ಬಿಡಿಸಿದಳು. ಬಳ್ಳಾರಿಯಿಂದ ದಿನಾ ಬಂದುಹೋಗುತ್ತಿದ್ದ ನಮ್ಮ ಮೇಡಂ ಕೇಳಲು ಬಂದರೆ ಬಾಗಿಲಿನಿಂದಲೇ ಕಳಿಸಿದಳು. ನಾನು ಅವರ ಹಿಂದೆಯೇ ಓಡಿಹೋಗಿ ಹೇಳಿದೆ, “ನಮ್ಮ ಅಕ್ಕಗ ಒಂದ್ ಮಾತು ತಿಳಸ್ರಿ ಮೇಡಂ.”

ಸೋಮವಾರ ನಾನು ಬೀದಿಯ ನಳದಲ್ಲಿ ನೀರು ಹಿಡಿಯುತ್ತಿದ್ದಾಗ ಅವರು ಬಂದರು. ಬಿಸಿಲಿಗೆ ಮುಖ ಕಂದಿತ್ತು.

“ನಿನ್ನೆ ಕುರುಗೋಡಿಗೆ ಹೋಗಿದ್ದೆ. ಬಟ್ಟಿ ಹೊಲಿಯೋರ ಮನಿ ಎಲ್ಲಾ ಕೇಳ್ದೆ. ನೀಲಿ ಬಾಗಿಲದ್ದು ಒಂದ್ ಸಿಕ್ತು, ಅದ್ರಾಗ ಒಬ್ರು ಅಜ್ಜ ಅದಾರ. ನಿಮ್ಮಕ್ಕ ಎಲ್ಲವ್ವಾ?”

ಕೊಡ ತುಂಬಿ ಕಾಲ ಮೇಲೆ ನೀರು ಹರಿಯುತ್ತಿತ್ತು. ನಳ ನಿಲ್ಲಿಸಲು ತೋಚಲಿಲ್ಲ. ನನ್ನ ಮಾತು ನಂಬಿ ದೊಡ್ಡವರೊಬ್ಬರು ಬಸ್ಸು ಹತ್ತಿ ಹೋಗಿದ್ದಾರೆ ಎಂಬುದೇ ತಲೆಗೆ ಹತ್ತಲಿಲ್ಲ.

“ಅಕ್ಕ ಇಲ್ರಿ,” ಎಂದೆ. “ಸುಳ್ಳು ಹೇಳಿದ್ದೆ.”

ಹೊಡೆತ ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಮೇಡಂ ಕಟ್ಟೆಯ ಮೇಲೆ ಕೂತು ಅಳುತ್ತಿದ್ದರು.

ನನ್ನನ್ನು ತಾವೇ ಸಾಕುತ್ತೇನೆಂದು ಮಕ್ಕಳ ಕಲ್ಯಾಣ ಸಮಿತಿಗೆ ಅರ್ಜಿ ಕೊಟ್ಟವರು ಅವರೇ. ವಿಚಾರಣೆಯಲ್ಲಿ ಮಾವ, “ಕರ್ಕೊಂಡ್ ಹೋಗ್ಲಿ ಬಿಡ್ರಿ,” ಎಂದ. ಅಷ್ಟು ಸಲೀಸಾಗಿ ಅಂದುಬಿಡುತ್ತಾನೆಂದು ನಾನು ಎಣಿಸಿರಲಿಲ್ಲ. ಕೆಲವು ತಿಂಗಳು ಬಾಲಮಂದಿರದಲ್ಲಿ ಕಳೆದು, ಕಾಗದಪತ್ರ ಮುಗಿದ ಮೇಲೆ ಬಳ್ಳಾರಿಯ ಮೇಡಂ ಮನೆಗೆ ಬಂದೆ.

ಮೊದಲ ಬೆಳಿಗ್ಗೆ ಅವರ ತಾಯಿ ಕೇಳಿದರು, “ಮಂಡಕ್ಕಿ ಒಗ್ಗರಣಿ ಮಾಡ್ಲೋ, ದ್ವಾಸಿ ಹಾಕ್ಲೋ?”

ಯಾರನ್ನು ಕೇಳುತ್ತಿದ್ದಾರೆಂದು ಹಿಂದಕ್ಕೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅವರು ಒಲೆ ಹಚ್ಚದೆ ಹಾಗೇ ಕಾಯುತ್ತ ನಿಂತರು. ಬಹಳ ಹೊತ್ತಿನ ಮೇಲೆ ದ್ವಾಸಿ ಎಂದೆ.