ಹಡಗಿನ ಗಂಟೆಗೆ ಬಳಿದ ವಿಭೂತಿ

ಕಡಲೇ ಇಲ್ಲದ ನಮ್ಮ ಸೀಮೆಗೆ ಹಡಗಿನ ಗಂಟೆ ಬಂದದ್ದು ರೈಲಿನಲ್ಲಿ. ಅರವತ್ತರ ದಶಕ. ನಾನು ಬಂಗಾರಪೇಟೆಯಲ್ಲಿದ್ದು ಬೆಂಗಳೂರಿನ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಮದ್ರಾಸಿನ ಕಾಲೇಜೊಂದರಲ್ಲಿ ಪುರಾತತ್ವ ಕಲಿಸುತ್ತಿದ್ದ, ನಮ್ಮ ಕಡೆಯವರೇ ಆದ ಪ್ರೊಫೆಸರೊಬ್ಬರು ಗೋಣಿ ಸುತ್ತಿದ ಗಂಟೆಯನ್ನು ರೈಲಿನಿಂದ ಇಳಿಸುವಾಗ ನಾನೂ ಕೈಜೋಡಿಸಿದೆ.

ಬ್ರಿಟಿಷರ ಕಾಲದಲ್ಲಿ ಚಿನ್ನದ ಗಣಿಗೆ ಪಂಪು ಹೊತ್ತು ಬರುತ್ತಿದ್ದ ವ್ಯಾಪಾರಿ ಹಡಗೊಂದು ಮದ್ರಾಸಿನ ಹತ್ತಿರ ಮುಳುಗಿತ್ತು. ತಮಗೆ ಸಿಕ್ಕಿರುವುದು ಅದೇ ಹಡಗು ಎಂದು ಪ್ರೊಫೆಸರು ನಂಬಿದ್ದರು. ಆದರೆ ಮುಳುಗುಗಾರರು ಮೇಲೆ ತಂದದ್ದು ಈ ಕಂಚಿನ ಗಂಟೆಯೊಂದನ್ನೇ. ಅದರ ಮೇಲೆ ಹಡಗಿನ ಹೆಸರು ಕಂಡರೆ ಹುಡುಕಾಟ ಮುಂದುವರಿಯುತ್ತಿತ್ತು. ಕಾಣದಿದ್ದರೆ ಕಾಲೇಜು ಕೆಲಸ ನಿಲ್ಲಿಸುತ್ತಿತ್ತು.

ನಮ್ಮ ಗಣಿಗೆ ಪಂಪು ತರುತ್ತಿದ್ದ ಹಡಗಲ್ಲವೇ ಎಂದು ಚಿನ್ನದ ಗಣಿಯ ಊರು ಕೋರಮಂಡಲಿನ ವರ್ಕ್‌ಶಾಪಿನವರು ಕೆಲಸ ಒಪ್ಪಿಕೊಂಡರು. ಗಂಟೆಗೆ ಅಂಟಿದ್ದ ಚಿಪ್ಪು, ಸುಣ್ಣವನ್ನೆಲ್ಲ ಬಿಡಿಸಿಕೊಟ್ಟರು. ಪ್ರೊಫೆಸರು ಭೂತಗನ್ನಡಿ ಹಿಡಿದು ಸುತ್ತಲೂ ನೋಡಿದರು. ಕಡಲು ಸವೆಸಿದ ಮೈಯಲ್ಲಿ ಒಂದಕ್ಷರವೂ ಕಾಣಲಿಲ್ಲ. ‘ಹೆಸರು ಸಿಗಲಿಲ್ಲ’ ಎಂದು ಕಾಲೇಜಿಗೆ ತಂತಿ ಬರೆದು, ಬಂಗಾರಪೇಟೆಗೆ ಮರಳಿದ ಮೇಲೆ ಕಳಿಸಲು ನನ್ನ ಕೈಗೆ ಕೊಟ್ಟರು. ಕತ್ತಲಾಗಿತ್ತು, ಆ ರಾತ್ರಿ ಅಲ್ಲೇ ಉಳಿದೆವು.

ಮರುದಿನ ಬೆಳಿಗ್ಗೆ ಗಂಟೆಯನ್ನು ಕಟ್ಟಿಸಿಕೊಂಡು ಬರಲು ಹೋದೆವು. ಅಂದು ಆಯುಧಪೂಜೆ. ಲೇತು, ಸುತ್ತಿಗೆ, ಇಕ್ಕಳ ಎಲ್ಲಕ್ಕೂ ಚೆಂಡುಹೂ. ಅವುಗಳ ನಡುವೆ ನಮ್ಮ ಗಂಟೆ ಥಳಥಳ ಹೊಳೆಯುತ್ತಿತ್ತು, ಸುತ್ತಲೂ ವಿಭೂತಿಯ ಪಟ್ಟೆಗಳು.

ಪ್ರೊಫೆಸರು ವರ್ಕ್‌ಶಾಪಿನ ಮೇಸ್ತ್ರಿಯತ್ತ ತಿರುಗಿದರು. “ಮೇಸ್ತ್ರಿ, ಯಾರ್ರೀ ಇದನ್ನ ಉಜ್ಜಿದ್ದು?”

“ನಾನೇ ಸಾರ್. ಉಣಸೇಅಣ್ಣಾಕಿ ಉಜ್ಜಿ, ಈಬೂತಿ ಬಳ್ದೆ. ಅಬ್ಬದ ದಿನ ಎಲ್ಲಾ ಸಾಮಾನೂ ತೊಳ್ದು ಇದೊಂದ್ನ ಅಂಗೇ ಬಿಡಾಕಾಯ್ತದಾ?”

“ಅಕ್ಷರ ಏನಾದ್ರೂ ಉಳಿದಿದ್ರೆ ಅದನ್ನೂ ಉಜ್ಜಿ ತೆಗೆದ್ಯಲ್ಲಯ್ಯಾ.”

ಲೇತಿನ ಹತ್ತಿರ ನಿಂತಿದ್ದವನು ನಕ್ಕ. “ಓಳ್ಯೋದು ಕಂಡ್ರೆ ಈವಯ್ಯನ ಕೈ ಸುಮ್ಕಿರಾಕಿಲ್ಲ ಸಾರ್. ನೀವು ಬೇಗ ಬಂದಿದ್ರೆ ನಿಮ್ ಬೋಳುತಲೇಗೂ ಬಳೀತಿದ್ದ.”

“ಮುಚ್ಚಲಾ ಬಾಯ್ನ,” ಎಂದ ಮೇಸ್ತ್ರಿ.

ಪ್ರೊಫೆಸರು ನಗಲಿಲ್ಲ. ಕರವಸ್ತ್ರ ತೆಗೆದು ಒಣಗಿದ ವಿಭೂತಿಯನ್ನು ಒರೆಸತೊಡಗಿದರು. ಒಂದೆಡೆ ಅವರ ಕೈ ನಿಂತಿತು. ಪಟ್ಟೆ ಹೋಗಿತ್ತು, ಆದರೆ ಕೂದಲಿನಷ್ಟು ಸಣ್ಣದೊಂದು ಬಿಳಿ ಗೆರೆ ಹೋಗಿರಲಿಲ್ಲ. ಕಣ್ಣಿಗೂ ಬೆರಳಿಗೂ ಸಿಗದ ಕೊರೆತದೊಳಗೆ ವಿಭೂತಿ ಕೂತಿತ್ತು.

“ಮೇಸ್ತ್ರಿ, ಇನ್ನಷ್ಟು ಬಳಿಯಪ್ಪ. ಸುತ್ತಲೂ ಬಳಿ.”

ಮೇಸ್ತ್ರಿ ವಿಭೂತಿಯನ್ನು ನೀರಲ್ಲಿ ಕಲಸಿ ಬಳಿದ. ಒಣಗಿದಂತೆ ಪ್ರೊಫೆಸರು ಮೆಲ್ಲಗೆ ಒರೆಸುತ್ತ ಹೋದರು. ಕಂಚಿನ ಮೇಲೆ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಬೆಳ್ಳಗೆ ಎದ್ದು ನಿಂತವು. ಅದೇ ಹಡಗಿನ ಹೆಸರು. ಪ್ರೊಫೆಸರು ಗಟ್ಟಿಯಾಗಿ ಓದಿದರು, ಆಮೇಲೆ ಇನ್ನೊಮ್ಮೆ ಓದಿದರು. ಇಡೀ ವರ್ಕ್‌ಶಾಪು ಗಂಟೆಯ ಸುತ್ತ ಸೇರಿತು. ಮೇಸ್ತ್ರಿ ಮರದ ಕೊಡತಿಯಿಂದ ಒಂದೇಟು ಕೊಟ್ಟ. ಅಷ್ಟು ಕಾಲ ನೀರಿನಡಿ ಇದ್ದ ಗಂಟೆಯ ದನಿ ಕೆಡದೆ ಉಳಿದಿತ್ತು.

ನಾನು ಜೇಬಿನಿಂದ ತಂತಿಯ ಕಾಗದ ತೆಗೆದೆ. ಪ್ರೊಫೆಸರು ಅದನ್ನು ಹರಿದು ಬೇರೆ ಬರೆದರು: ‘ಹೆಸರು ಸಿಕ್ಕಿತು. ಮುಳುಗುಗಾರರನ್ನು ವಾಪಸು ಕಳಿಸಬೇಡಿ.’

“ಚರ್ಪು ತಿಂದು ಓಗಿ ಸಾರ್,” ಎಂದು ಮೇಸ್ತ್ರಿ ಪೂಜೆಯ ಪ್ರಸಾದದ ಕಾಯಿಚೂರು, ಬೆಲ್ಲ ನನ್ನ ಕೈಗಿಟ್ಟ. ಬಂಗಾರಪೇಟೆಯಲ್ಲಿ ಮೊದಲು ಅವರ ತಂತಿ ಕಳಿಸಿದೆ, ಅದರ ಹಿಂದೆಯೇ ನನ್ನ ಸುದ್ದಿ.