ಫುಮಿಯೆಯವರ ಒಂದೇ ಫ್ಲ್ಯಾಶ್

ಮೊದಲನೇ ಫ್ಲ್ಯಾಶ್ ಹೊಳೆದದ್ದೇ ತಡ, ಫೋಟೋ ಮುಗಿಯಿತೆಂದುಕೊಂಡ ತೊಗಾಶಿ ಕೂತಲ್ಲೇ ಸೊಂಟ ಬಗ್ಗಿಸಿ, "ತುಂಬಾ ಉಪಕಾರವಾಯ್ತು" ಎಂದುಬಿಟ್ಟಿದ್ದ. ಕತ್ತಲಲ್ಲಿ ಕ್ಯಾಮೆರಾದ ಕಣ್ಣು ಇನ್ನೂ ತೆರೆದೇ ಇತ್ತು. ಇನ್ನೂ ಮೂರು ಫ್ಲ್ಯಾಶ್ ಬಾಕಿ ಇದ್ದವು. ಎರಡನೆಯದು ಅವನ ಬಗ್ಗಿದ ನೆತ್ತಿಯ ಮೇಲೇ ಹೊಳೆಯಿತು.

ಹೆಣ್ಣಿನ ಮನೆಗೆ ಕಳಿಸಲೆಂದು ಅವನ ತಾಯಿ ಹಟ ಹಿಡಿದು ತೆಗೆಸಿದ ಚಿತ್ರ ಅದು. ತೊಳೆದು ನೋಡಿದರೆ ಒಂದೇ ಕೊರಳಿಗೆ ಎರಡು ತಲೆ. ಒಂದು ಗಂಭೀರವಾಗಿ ಎದುರು ನೋಡುತ್ತಿದೆ, ಇನ್ನೊಂದು ತನ್ನದೇ ಹೊಟ್ಟೆಗೆ ನಮಸ್ಕಾರ ಮಾಡುತ್ತಿದೆ. ಎರಡು ತಲೆಯಿದ್ದರೂ ಒಂದರಲ್ಲೂ ಬಡ್ತಿಯ ಲಕ್ಷಣವಿಲ್ಲ ಎಂದು ಅವನೇ ಆಫೀಸಿನಲ್ಲಿ ಹೇಳಿ ನಗಿಸಿದ, ಬೇರೆಯವರಿಗೆ ಆ ಅವಕಾಶ ಸಿಗದಿರಲೆಂದು.

"ನಮ್ಮೂರೋರೆಲ್ಲ ಮಾಡೋದೇ ಇದು," ಎಂದಿದ್ದರು ಸ್ಟುಡಿಯೋದ ಫುಮಿಯೆ. "ಬೆಳಕು ಬಿದ್ರೆ ಸಾಕು, ಬಗ್ತಾರೆ. ನೀನು ಸ್ವಲ್ಪ ಆಳಕ್ಕೆ ಬಗ್ಗಿದೆ, ಅಷ್ಟೆ." ಅಂದಿನಿಂದ ಅವರ ಬಾಯಲ್ಲಿ ಅವನ ಹೆಸರು 'ಎರಡು ತಲೆ'.

ಯಾಗಿ ಫುಮಿಯೆಯವರ ಸ್ಟುಡಿಯೋ ಇರುವುದು ತಕಾಓಕಾ ಊರಿನ ಟ್ರಾಮ್ ಹಳಿಗೆ ಅಂಟಿಕೊಂಡೇ. ತಟ್ಟೆಯಗಲದ ಫಿಲ್ಮಿನಲ್ಲಿ ಮೂಗಿನ ತುದಿಯಿಂದ ಕಿವಿಯವರೆಗೆ ಎಲ್ಲವೂ ಸ್ಪಷ್ಟವಾಗಿ ಮೂಡಬೇಕಾದರೆ ಲೆನ್ಸಿನ ಕಿಂಡಿಯನ್ನು ತೀರಾ ಕಿರಿದು ಮಾಡಬೇಕು. ಅಷ್ಟು ಕಿರಿದಾದ ಕಿಂಡಿಗೆ ಅವರಪ್ಪ ಬಿಟ್ಟುಹೋದ ಫ್ಲ್ಯಾಶ್ ಪೆಟ್ಟಿಗೆಯ ಒಂದು ಏಟು ಸಾಲದು. ಅದಕ್ಕೇ ಕೋಣೆ ಕತ್ತಲು ಮಾಡಿ, ಷಟರ್ ತೆರೆದಿಟ್ಟು, ನಾಲ್ಕು ಸಲ ಹೊಡೆಯುವುದು ಆ ಮನೆಯ ಪದ್ಧತಿ. ನಡುನಡುವೆ ಪೆಟ್ಟಿಗೆ ಕುಂಯ್ ಎಂದು ರಾಗ ಎಳೆದು ಶಕ್ತಿ ತುಂಬಿಕೊಳ್ಳುವ ತನಕ ಕೂತವರು ಕಲ್ಲಾಗಿರಬೇಕು. ನಡುವೆ ಟ್ರಾಮ್ ಬಂದು ನೆಲ ಅದುರಿದರೆ ಎಲ್ಲ ಹಾಳು.

ಊರಿನವರನ್ನೆಲ್ಲ ಅಲುಗಾಡದಂತೆ ಕೂರಿಸುವ ಈ ಹೆಂಗಸು ತಾವು ಕೂತದ್ದನ್ನು ಮಾತ್ರ ಯಾರೂ ನೋಡಿಲ್ಲ. ಅನ್ನದುಂಡೆ ತಿನ್ನುವುದೂ ನಿಂತೇ, ಒಂದು ಕಿವಿ ಬೀದಿಯ ಟ್ರಾಮಿನ ಮೇಲೆ. "ನಿನ್ನ ಜೊತೆ ಬಾಳೋದೂ ಒಂದೇ, ಸ್ಟೇಷನ್ನಲ್ಲಿ ಸಂಸಾರ ಹೂಡೋದೂ ಒಂದೇ" ಎಂದು ಗಂಡ ಎನ್ನಿಸಿಕೊಂಡವನು ಕನಜಾವಾಕ್ಕೆ ಹೊರಟುಹೋದನಂತೆ. ಆ ವಿಷಯ ಎತ್ತಿದರೆ ಫುಮಿಯೆ, "ಫೋಟೋದಲ್ಲೂ ಅವನು ಚೆನ್ನಾಗಿ ಬಂದಿರ್ಲಿಲ್ಲ ಬಿಡು" ಎನ್ನುತ್ತಾರೆ.

ತೊಗಾಶಿಯ ಕಂಪನಿ ಮನೆಮನೆಯ ಪೂಜಾಮಂಟಪಕ್ಕೆ ಗಂಟೆ ಎರಕ ಹೊಯ್ಯುತ್ತದೆ. ಅಲ್ಲಿಯ ಸಭಾಕೋಣೆಯಲ್ಲಿ ಹಿಂದಿನ ಯಜಮಾನರ ಕಪ್ಪುಬಿಳುಪು ಚಿತ್ರಗಳ ಸಾಲಿದೆ. ಎಲ್ಲವೂ ಯಾಗಿ ಸ್ಟುಡಿಯೋದವೇ. ಈಗ ನಿವೃತ್ತರಾಗುತ್ತಿದ್ದ ಮುರೈ ಯಜಮಾನರ ಸರದಿ. ಆದರೆ ಮುರೈಯವರ ತಲೆ ನಡುಗುತ್ತಿತ್ತು. ಅದು ಕಂಪನಿಯಲ್ಲಿ ಎಲ್ಲರಿಗೂ ಗೊತ್ತು, ಯಾರಿಗೂ ಗೊತ್ತಿಲ್ಲ. ಅವರು ಮಾತಿಗೆ ನಿಂತರೆ ಸಭೆಗೆ ಸಭೆಯೇ ತಂತಮ್ಮ ಚಹಾ ಬಟ್ಟಲು ನೋಡುತ್ತದೆ. ಮುರೈಯವರಿಗೋ ಒಂದೇ ಆಸೆ: ಅಪ್ಪ, ಅಜ್ಜನ ಪಕ್ಕದಲ್ಲಿ ತಾವೂ ಅಲುಗದೆ ಇರಬೇಕು. ಅದನ್ನೂ ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಮೂರು ಸಲ ದಿನ ಗೊತ್ತುಮಾಡಿ ಮೂರು ಸಲವೂ ನೆಗಡಿಯೆಂದಿದ್ದರು.

ವ್ಯವಸ್ಥೆಗೆ ಸಿಕ್ಕಿದವನು ತೊಗಾಶಿ. "ಸಾಲಿನಲ್ಲಿರೋ ಹಾಗೇ ಬರ್ಬೇಕು ನೋಡು, ಹಿಂದಿನ ಪರದೆ ಸಮೇತ" ಎಂದು ಮೇಲಧಿಕಾರಿ ತಾಕೀತು ಮಾಡಿದ್ದರು. ಫೋನಿನಲ್ಲಿ ಅವನು ಫುಮಿಯೆಯವರಿಗೆ ಆ ನಡುಕದ ವಿಷಯ ಹೇಳಲು ಒದ್ದಾಡಿದ.

"ನಮ್ಮ ಯಜಮಾನ್ರು ಸ್ವಲ್ಪ... ಚಟುವಟಿಕೆ ಜಾಸ್ತಿ."

"ಚಟುವಟಿಕೆಯಾ? ಎಷ್ಟು ವಯಸ್ಸಪ್ಪಾ, ಮೂರಾ?"

ಕೊನೆಗೂ ಮುರೈ ಬಂದು ಕೂತರು. ಕೂತವರೇ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದರು. ಬಿಗಿಹಿಡಿದಷ್ಟೂ ತಲೆ ಹೆಚ್ಚು ನಡುಗಿತು. ಫುಮಿಯೆ ಅವರ ಸುತ್ತ ಒಂದು ಸುತ್ತು ಹಾಕಿ, ಇನ್ನೊಂದು ಸುತ್ತು ಹಾಕಿ, ಫ್ಲ್ಯಾಶ್ ದೀಪದ ಕಂಬವನ್ನು ದರದರನೆ ಎಳೆದು ತಂದರು. ಮೊದಲಿದ್ದ ದೂರದ ಅರ್ಧಕ್ಕೆ ತಂದು, ಬೆಳಕು ಹರಡುವ ಅದರ ಬಿಳಿ ಕೊಡೆಯನ್ನು ಚಿತ್ರದ ಅಂಚಿನಿಂದ ಕೂದಲೆಳೆಯಷ್ಟು ಆಚೆ, ಮುರೈಯವರ ಕೆನ್ನೆಯ ಬಳಿಯೇ ನಿಲ್ಲಿಸಿದರು. ದೂರ ಅಳೆಯಲು ಲೆನ್ಸಿಗೆ ಕಟ್ಟಿದ ದಾರವನ್ನು ಎಳೆದು ತುದಿಯ ಗಂಟನ್ನು ಅವರ ಕಣ್ಣಂಚಿಗೆ ತಾಗಿಸಿ, "ಇಲ್ಲೇ ಇರಿ, ಹಿಂದೆ ವಾಲ್ಬೇಡಿ" ಎಂದು ದಾರ ಬಿಟ್ಟರು.

ತೊಗಾಶಿ ಪರದೆಯತ್ತ ನೋಡಿ ಹತ್ತಿರ ಬಂದ. "ಫುಮಿಯೆ-ಸಾನ್," ಎಂದು ಪಿಸುಗುಟ್ಟಿದ, "ದೀಪ ಇಷ್ಟು ಹತ್ರ ಬಂದ್ರೆ ಹಿಂದಿನ ಪರದೆ ಕಪ್ಪಾಗಲ್ವಾ? ಸಾಲಿನಲ್ಲಿ ಎಲ್ಲಾ ಬೂದು."

"ಆಗುತ್ತೆ."

"ನಮ್ಮ ಮೇಲಧಿಕಾರಿಗಳು..."

"ಅವ್ರನ್ನೂ ಕರ್ಕೊಂಬಾ. ಟಾರ್ಚ್ ಹಿಡ್ಕೊಂಡು ಪರದೆ ಮುಂದೆ ನಿಲ್ಲಲಿ."

ಪೆಟ್ಟಿಗೆ ಕುಂಯ್ ಎಂದಿತು. ಫಿಲ್ಮು ಒಳಗೆ ಹೋಯಿತು. ಆಗಲೇ ದೂರದಲ್ಲಿ ಟ್ರಾಮಿನ ಗಂಟೆ. ಫುಮಿಯೆ ಕಾಯುತ್ತಾರೆಂದು ತೊಗಾಶಿ ಉಸಿರು ಬಿಟ್ಟ. ಅವರು ಕಾಯುತ್ತಲೇ ಇದ್ದರು, ಆದರೆ ಟ್ರಾಮ್ ಹೋಗಲೆಂದಲ್ಲ, ಬರಲೆಂದು.

"ಯಜಮಾನ್ರೇ, ಈ ಪೆಟ್ಟಿಗೆ ರಾಗ ನಿಮ್ಮ ಯಾವ ಗಂಟೆಗೆ ಹೊಂದುತ್ತೆ?"

"ಯಾವುದಕ್ಕೂ ಇಲ್ಲ. ನಮ್ಮಲ್ಲಿ ಹೀಗೆ ಕೂಗಿದ್ರೆ ಮತ್ತೆ ಕುಲುಮೆಗೆ ಹಾಕ್ತೀವಿ," ಎಂದರು ಮುರೈ. ಕುರ್ಚಿಯ ಮೇಲಿನ ಹಿಡಿತ ಸಡಿಲವಾಯಿತು. ಟ್ರಾಮ್ ಬಾಗಿಲೆದುರಿಗೇ ಬಂತು. ಕಿಟಕಿಯ ಗಾಜು, ನೆಲ, ಕಂಬ, ತೊಗಾಶಿಯ ಮೊಣಕಾಲು, ಯಜಮಾನರ ತಲೆ, ಎಲ್ಲವೂ ಒಟ್ಟಿಗೇ ಅದುರುತ್ತಿದ್ದವು. ಫುಮಿಯೆ ಹೊಡೆದರು.

ಒಂದೇ ಬೆಳಕು.

ಮುರೈ ಕಲ್ಲಾಗಲು ಹೆಣಗುತ್ತ ಮುಂದಿನ ಮೂರಕ್ಕೆ ಕಾದರು. ತೊಗಾಶಿಯೂ ಬೆನ್ನು ಸೆಟೆಸಿ ನಿಂತ. ಈ ಸಲ ಸತ್ತರೂ ಬಗ್ಗುವುದಿಲ್ಲ.

"ಮುಗೀತು, ಏಳಿ," ಎಂದರು ಫುಮಿಯೆ. "ಎರಡು ತಲೆ, ಈಗ ಬಗ್ಗೋದಾದ್ರೆ ಬಗ್ಗು."

"ಟ್ರಾಮ್ ಬಂತಲ್ಲಾ!" ಎಂದ ತೊಗಾಶಿ.

"ದೀಪ ಅರ್ಧ ದೂರಕ್ಕೆ ತಂದ್ರೆ ನಾಲ್ಕು ಏಟಿನ ಬೆಳಕು ಒಂದೇ ಏಟಿಗೆ ಸಿಗುತ್ತೆ. ಆ ಏಟಿನೊಳಗೆ ಟ್ರಾಮಿಗೂ ಅಲುಗಾಡಕ್ಕೆ ಪುರುಸೊತ್ತಿರಲ್ಲ."

ಚಿತ್ರ ತಯಾರಾದಾಗ ಮುರೈ ತಾವೇ ನೋಡುತ್ತೇನೆಂದು ಬಂದರು, ತೊಗಾಶಿ ಹಿಂದೆ. ಫುಮಿಯೆ ಅದನ್ನು ಗೋಡೆಗೊರಗಿಸಿದರು. ಪರದೆ ಅಪ್ಪಟ ಕಪ್ಪು. ಅದರೊಳಗಿಂದ ಹುಬ್ಬಿನ ಒಂದೊಂದು ಕೂದಲೂ ಎಣಿಸುವಂತೆ, ಗಂಟೆಯನ್ನು ಬೈಯುತ್ತಿದ್ದ ಆ ಬಾಯಿ ಇನ್ನೂ ಪೂರ್ತಿ ಮುಚ್ಚದೆ, ಮುರೈ ನೋಡುತ್ತಿದ್ದರು. ಅಪ್ಪನಂತಿಲ್ಲ, ಅಜ್ಜನಂತಿಲ್ಲ. ಮೇಲಧಿಕಾರಿಗೆ ಕೊಡಬೇಕಾದ ಉತ್ತರವನ್ನು ತೊಗಾಶಿ ಮನಸ್ಸಿನಲ್ಲೇ ಜೋಡಿಸತೊಡಗಿದ.

ಮುರೈ ಚಿತ್ರದ ಕಡೆ ಒಂದು ಹೆಜ್ಜೆ ಮುಂದೆ ಬಂದರು. ಆಮೇಲೆ, ಕಂಪನಿಯಲ್ಲಿ ಯಾರೂ ಎತ್ತದ ಮಾತನ್ನು ತಾವೇ ಎತ್ತಿದರು.

"ಫುಮಿಯೆ-ಸಾನ್, ಅವತ್ತು ನನ್ನ ತಲೆ ನಡುಗ್ತಿದ್ದದ್ದು ಕಾಣಿಸ್ತಾ?"

ತೊಗಾಶಿ ಕಣ್ಣು ಇಳಿಸಿದ. ಆ ಸ್ಟುಡಿಯೋದಲ್ಲಿ ನೋಡಲು ಒಂದು ಚಹಾ ಬಟ್ಟಲೂ ಇರಲಿಲ್ಲ.

"ಕಾಣಿಸ್ತು," ಎಂದರು ಫುಮಿಯೆ. "ಬಂದು ಕೂತಾಗಿಂದ ಎದ್ದು ಹೋಗೋವರೆಗೂ ಕಾಣಿಸ್ತು. ಫಿಲ್ಮಿಗೆ ಕಾಣಿಸ್ಲಿಲ್ಲ, ಅಷ್ಟೆ."